ದೀಪ ಹಚ್ಚಿದ ಮೇಲೆ ಬಂದ ನಂಬರು

ನಮ್ಮ ಕಡೂರು ಸೀಮೆಯಲ್ಲಿ ಹೇಳಿದ ಬೆಲೆಗೇ ವಸ್ತು ಕೊಳ್ಳುವುದೆಂದರೆ ಮಾರುವವನಿಗೆ ಅವಮಾನ ಮಾಡಿದಂತೆ. ಒಂದು ತೆಂಗಿನಕಾಯಿ ಬೇಕಾದವನೂ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮುಖ ಹುಳ್ಳಗೆ ಮಾಡಿ, ಬೇಡವೆಂದು ಹೊರಟು, ಮತ್ತೆ ತಿರುಗಿ ಬಂದು ಕೊಳ್ಳುತ್ತಾನೆ. ಕುರಿ ವ್ಯಾಪಾರವಂತೂ ಮುಗಿಯುವಷ್ಟರಲ್ಲಿ ಕುರಿಯೇ ಬೇಸತ್ತು ಮಲಗಿಬಿಟ್ಟಿರುತ್ತದೆ. ಇದೆಲ್ಲ ಗೊತ್ತಿದ್ದೂ, ನನ್ನ ಹಾರ್ಮೋನಿಯಂಗೆ ಹೇಳಿದ ಬೆಲೆಯನ್ನು ಒಬ್ಬಾತ ಒಂದೇ ಮಾತಿಗೆ ಒಪ್ಪಿಕೊಂಡಾಗ ನನಗೆ ಅನುಮಾನ ಬರಲಿಲ್ಲ. ಕೊನೆಗೂ ಯೋಗ್ಯತೆ ತಿಳಿದವನೊಬ್ಬ ಸಿಕ್ಕಿದನಲ್ಲ ಎಂದು ಹೆಮ್ಮೆಯಾಯಿತು.

ಆ ಹಾರ್ಮೋನಿಯಂ ನಾನು ಭಜನೆಯವರ ಜೊತೆ ಕೂರುವ ಆಸೆಯಿಂದ ಕೊಂಡದ್ದು. ನನಗೆ ಸರಿಗಮ ಕೂಡಿಬರುವ ಮೊದಲೇ ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿಯನ್ನು ಕಾಯಂ ಮುಚ್ಚಿಬಿಟ್ಟರು. ನನ್ನ ಹೆಂಡತಿ ಅದರ ಮೇಲೆ ಹಪ್ಪಳದ ಡಬ್ಬ ಇಟ್ಟು, "ಏನಾದ್ರೂ ಒಂದು ಉಪಯೋಗಕ್ಕೆ ಬರ್ಲಿ ಬಿಡಿ" ಎಂದಳು. ಆ ಮಾತು ನನಗೆ ನಾಟಿತು. ಡಬ್ಬ ಇಳಿಸಿ ಫೋಟೋ ತೆಗೆದು, ಹಳೆ ಸಾಮಾನು ಮಾರುವ ಆನ್‌ಲೈನ್ ಜಾಗದಲ್ಲಿ ಹಾಕಿದೆ.

ಇಲ್ಲಿ ನನ್ನ ಫೋನಿನ ವಿಷಯ ಸ್ವಲ್ಪ ಹೇಳಬೇಕು. ಬೆಳಗಾದರೆ ನೆಂಟರಿಷ್ಟರ ಶುಭೋದಯಗಳೆಲ್ಲ ಬಂದು ಬೀಳುವ ಆ ಹಸಿರು ಆ್ಯಪ್ ನನ್ನ ಹಳೆಯ ನಂಬರಿನಲ್ಲಿದೆ. ಆದರೆ ಆ ನಂಬರಿನ ಸಿಮ್ ಇರುವುದು ಯಗಟಿಯಲ್ಲಿ, ನಮ್ಮಕ್ಕನ ಬಟನ್ ಫೋನಿನಲ್ಲಿ. ನಾನು ಹೊಸ ಸಿಮ್ ತಗೊಂಡಾಗ, "ಎಲ್ರಿಗೂ ಗೊತ್ತಿರೋ ನಂಬರು, ಯಾಕೆ ಹಾಳ್ಮಾಡ್ತೀಯ" ಎಂದು ಅಕ್ಕ ಅದನ್ನು ಕೇಳಿ ಇಟ್ಟುಕೊಂಡಿದ್ದಳು. ಕರೆ, ಎಸ್ಸೆಮ್ಮೆಸ್ ಅಲ್ಲಿಗೆ, ಆ್ಯಪಿನ ಮೆಸೇಜು ನನಗೆ. ಹೀಗೆ ಅಕ್ಕತಮ್ಮ ಒಂದೇ ನಂಬರಿನಲ್ಲಿ ಸುಖವಾಗಿ ಬಾಳಿಕೊಂಡಿದ್ದೆವು.

ಗಿರಾಕಿ ಸಿಕ್ಕಿದ್ದು ಒಂದು ಶುಕ್ರವಾರ ಸಂಜೆ. ಫೋಟೋ ಜೊತೆ ನಾನು ಹಾಕಿದ್ದ ಎರಡು ನಂಬರಿನಲ್ಲಿ ಹೊಸದಕ್ಕೆ ಫೋನ್ ಮಾಡಿದ. ತರೀಕೆರೆಗೆ ಹೊಸದಾಗಿ ವರ್ಗವಾಗಿ ಬಂದವನಂತೆ. ಬಹಳ ಮರ್ಯಾದಸ್ಥ, ಮಾತಿಗೊಂದು ಸಾರ್. "ಮೋಸ ಜಾಸ್ತಿ ಆಗಿದೆ ಸಾರ್. ನೀವು ನಿಜವಾದ ಮಾಲೀಕರೇ ಅಂತ ಗೊತ್ತಾಗ್ಬೇಕಲ್ಲ, ನಿಮ್ಮ ಆ್ಯಪ್ ನಂಬರಿಗೆ ಒಂದು ಕೋಡ್ ಕಳಿಸಿದೀನಿ. ಅದನ್ನ ಹೇಳಿದ್ರೆ ಸಾಕು, ಈಗ್ಲೇ ಹಣ ಹಾಕ್ತೀನಿ" ಎಂದ. ಇಷ್ಟು ಎಚ್ಚರಿಕೆಯ ಮನುಷ್ಯ ಎಂದು ಮೆಚ್ಚಿಕೊಂಡು ಅಕ್ಕನಿಗೆ ಫೋನ್ ಮಾಡಿದೆ.

"ಬಂದೈತೆ ಕಣೋ, ಈಗ್ತಾನೇ ಕುಂಯ್ ಅಂತು" ಎಂದಳು ಅಕ್ಕ.

"ಅದರಲ್ಲಿರೋ ನಂಬರ್ ಓದು."

"ಈಗ ಆಗಲ್ಲ. ದೀಪ ಹಚ್ಚಾಯ್ತು."

ದೀಪ ಹಚ್ಚಿದ ಮೇಲೆ ಅಕ್ಕ ಮನೆಯಿಂದ ಏನನ್ನೂ ಆಚೆ ಕೊಡುವುದಿಲ್ಲ. ಉಪ್ಪು, ಮೊಸರು, ಸೂಜಿ, ಯಾವುದೂ ಇಲ್ಲ. ಹಸುಗೂಸಿಗೆಂದು ಹಾಲು ಕೇಳಿದರೆ ಮಾತ್ರ ಗೊಣಗಿಕೊಂಡು ಕೊಟ್ಟಾಳು. ನಾನೋ, ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವನು. ಇಂಥದ್ದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

"ಅಕ್ಕಾ, ನಾನೇನು ಉಪ್ಪು ಕೇಳ್ತಿದೀನಾ? ಬರೀ ನಂಬರು."

"ಏನಾದ್ರೇನು, ಮನೆಗೆ ಬಂದಿದ್ದು ತಾನೆ? ಶುಕ್ರವಾರ ಬೇರೆ. ಬೆಳಗ್ಗೆ ಮುಖ ತೊಳ್ಕೊಂಡು ಕೊಡ್ತೀನಿ. ಎಲ್ಲೂ ಹೋಗಲ್ಲ ಅದು."

ಹತ್ತು ನಿಮಿಷಕ್ಕೆ ಹೋಗಿಬಿಡುತ್ತದೆ ಎಂದರೆ, ಅಂಥ ಗಟ್ಟಿಯಿಲ್ಲದ ವಸ್ತು ನಿನಗೇಕೆ ಎಂದಳು. ಕಾಲ ಎಲ್ಲಿಗೆ ಬಂದಿದೆ, ನೀನಿನ್ನೂ ಎಲ್ಲಿದ್ದೀಯ ಎಂದು ನಾನು, ಅವಳು ಹಿರಿಯಳೆಂಬುದನ್ನೂ ನೋಡದೆ, ರೇಗಾಡಿದೆ. ಆ ಕಡೆ ಕಾಯುತ್ತಿದ್ದ ಗಿರಾಕಿಗೆ ಬೇರೆ ದಾರಿಯಿಲ್ಲದೆ ನಿಜವನ್ನೇ ಹೇಳಿದೆ: "ನಮ್ಮಕ್ಕ ದೀಪ ಹಚ್ಚಿಬಿಟ್ಟಿದ್ದಾರೆ. ನಾಳೆ ಬೆಳಗ್ಗೆ ಆಗಬಹುದಾ?" ಇಂಥ ಉತ್ತರ ಅವನ ಕಸುಬಿನಲ್ಲಿ ಮೊದಲ ಸಲ ಕೇಳಿದ್ದಿರಬೇಕು. ಮತ್ತೊಂದು ಕೋಡ್ ಕಳಿಸಿದ. "ಇನ್ನೊಂದು ಬಂತು ಕಣೋ, ಎರಡೂ ಇಟ್ಟಿರ್ತೀನಿ" ಎಂದು ಅಕ್ಕ ಭರವಸೆ ಕೊಟ್ಟಳು. ಗಿರಾಕಿಯ ಬಾಯಿಂದ ಮೊದಲು ಸಾರ್ ಹೋಯಿತು, ಆಮೇಲೆ ಬಹುವಚನ ಹೋಯಿತು, ಕೊನೆಗೆ ಅವನೇ ಹೋದ. ಬಂದ ಲಕ್ಷ್ಮಿಯನ್ನು ಅಕ್ಕ ಓಡಿಸಿದಳೆಂದು ನಾನು ಊಟದ ತಟ್ಟೆಯ ಮುಂದೆಯೂ ಮುಖ ಊದಿಸಿಕೊಂಡೇ ಇದ್ದೆ.

ಮಾರನೆಯ ದಿನ ಪ್ರಯೋಗಾಲಯದಲ್ಲಿ ಅಕ್ಕನ ಮೌಢ್ಯವನ್ನು ಸಹೋದ್ಯೋಗಿಯೊಬ್ಬರಿಗೆ ವಿವರಿಸಿದೆ. ಅವರು ನಗಲಿಲ್ಲ. ಅವರ ಭಾವಮೈದ ಅಜ್ಜಂಪುರದಲ್ಲಿ ಒಂದು ಮಂಚ ಮಾರಲು ಹೋಗಿ ಇಂಥದ್ದೇ ಕೋಡ್ ಹೇಳಿದ್ದನಂತೆ. ಹೇಳಿದ ಗಳಿಗೆಯಿಂದ ಅವನ ಆ್ಯಪ್ ಕಳ್ಳರ ಕೈಗೆ. ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ದುಡ್ಡು ಬೇಕು ಎಂದು ಅವನ ಹೆಸರಿನಲ್ಲಿ ನೆಂಟರಿಗೆಲ್ಲ ಮೆಸೇಜು ಹೋಯಿತು. ಪಾಪ, ಕಳಿಸಿದರು. ಈಗ ಅವನು ಮನೆಮನೆಗೆ ಹೋಗಿ ಅದು ನಾನಲ್ಲ ಎನ್ನುತ್ತಿದ್ದಾನೆ. ಕಾಫಿ ಕೊಡುತ್ತಾರೆ, ನಂಬುವುದಿಲ್ಲ.

ಕೇಳುತ್ತಾ ಕೇಳುತ್ತಾ ಸಖರಾಯಪಟ್ಟಣದ ಚಿಕ್ಕಪ್ಪ, ಹಿರೇನಲ್ಲೂರಿನ ಬೀಗರು ಎಲ್ಲರೂ ಕಣ್ಣ ಮುಂದೆ ಬಂದರು. ನನ್ನ ಹೆಸರು ನೋಡಿದರೆ ಹಿಂದೆಮುಂದೆ ಯೋಚಿಸದೆ ಕಳಿಸುತ್ತಿದ್ದರಲ್ಲ ಎಂದು ಹೆಂಡತಿಗೆ ಫೋನಿನಲ್ಲಿ ಹೇಳಿಕೊಂಡೆ. "ನೀವು ಕೇಳಿದ್ರೆ ಯಾರ್ ಕೊಡ್ತಿದ್ರು ಬಿಡಿ" ಎಂದಳು. ಆ ಸಮಾಧಾನ ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಅಷ್ಟರಲ್ಲಿ ಅಕ್ಕನದೇ ಫೋನು. "ಮುಖ ತೊಳ್ದು ಪೂಜೆನೂ ಆಯ್ತು. ರಾತ್ರಿಯೆಲ್ಲ ನಿಂದೇ ಯೋಚ್ನೆ, ತಮ್ಮ ಅಷ್ಟು ಕೇಳಿದ್ರೂ ಕೊಡ್ಲಿಲ್ವಲ್ಲ ಅಂತ. ತಗೋ, ಬರ್ಕೋ." ಅವಳು ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದಿದಳು. ಅವು ರಾತ್ರಿಯೇ ಸತ್ತುಹೋಗಿದ್ದವು. ಆದರೂ ಎರಡನ್ನೂ ಬರೆದುಕೊಂಡೆ.

ಹಾರ್ಮೋನಿಯಂ ಮೇಲೆ ಹಪ್ಪಳದ ಡಬ್ಬ ವಾಪಸು ಬಂದಿದೆ. ಮೊನ್ನೆ ಹುಡುಗರಿಗೆ ಲೋಲಕದ ಪ್ರಯೋಗ ತೋರಿಸುತ್ತಿದ್ದಾಗ ಯಾರೋ ಫೋನ್ ಮಾಡಿ, ಬಹಳ ಮರ್ಯಾದೆಯಿಂದ, ನನ್ನ ಫೋನಿಗೆ ಬಂದ ನಂಬರ್ ಹೇಳಬೇಕೆಂದರು. "ಈಗ ಆಗಲ್ಲ, ದೀಪ ಹಚ್ಚಾಯ್ತು" ಎಂದು ಇಟ್ಟುಬಿಟ್ಟೆ. ಹುಡುಗರು ನನ್ನನ್ನೊಮ್ಮೆ, ಕಿಟಕಿಯಾಚೆಯ ಮಟಮಟ ಮಧ್ಯಾಹ್ನವನ್ನೊಮ್ಮೆ ನೋಡಿದರು.