ಗುಂಡು ತುಂಬುವ ಭಾವ

ನಮ್ಮ ಭಾವ ತಮ್ಮ ಕೈಯಾರೆ ತುಂಬಿದ ಗುಂಡುಗಳಿಗೆ ಲೆಕ್ಕವಿಲ್ಲ. ಹೊಡೆದದ್ದು ಮಾತ್ರ ಒಂದೂ ಇಲ್ಲ! ಗಾಬರಿಯಾಗಬೇಡಿ. ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವ ಮನುಷ್ಯ ಅವರು. ದೀಪಾವಳಿಗೆ ಪಕ್ಕದ ಫ್ಲ್ಯಾಟಿನ ಮಕ್ಕಳು ಸುರುಸುರು ಬತ್ತಿ ಹಚ್ಚಿದರೂ ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಾರೆ. "ಭಾವ, ಅದು ಶಬ್ದ ಮಾಡುದೇ ಇಲ್ಲ" ಎಂದರೆ, "ಮಾಡಿದ್ರೆ?" ಎನ್ನುತ್ತಾರೆ. 

ಬಹರೈನಿಗೆ ಬರುವ ಮೊದಲು ಅವರು ಮಂಗಳೂರಿನ ಒಂದು ಕೋವಿ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕಿದ್ದರು. ಪರವಾನಗಿ ಎಲ್ಲ ಸರಿಯಿದ್ದ ಅಂಗಡಿ. ಗುರಿ ಹೊಡೆಯುವ ಕ್ಲಬ್ಬಿನವರು ತಮ್ಮ ರೈಫಲು, ಪಿಸ್ತೂಲುಗಳ ಹೊಡೆದು ಖಾಲಿಯಾದ ಹಿತ್ತಾಳೆ ತೋಟೆಗಳನ್ನು ಮತ್ತೆ ತುಂಬಿಸಲು ಅಲ್ಲಿಗೆ ತರುತ್ತಿದ್ದರು. ಅಂಗಡಿಯ ಧಣಿಗಳ ಮನೆಯ ಹಿಂಬದಿ ಕೋಣೆಯಲ್ಲಿ ಕೂತು ಭಾವ ಅವನ್ನು ಒರೆಸಿ, ಬುಡದ ಸುಟ್ಟ ಕೇಪು ತೆಗೆದು, ಹೊಸದು ಕೂರಿಸಿ, ಪುಟ್ಟ ತಕ್ಕಡಿಯಲ್ಲಿ ಕೋವಿಯ ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತುತ್ತಿದ್ದರು. ಮದ್ದು ಸ್ವಲ್ಪ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡೀತು. ಸ್ವಲ್ಪ ಹೆಚ್ಚಾದರೆ ಪಿಸ್ತೂಲೇ ಸಿಡಿದೀತು. ಆ ಕೋಣೆಯಲ್ಲಿ ಕೂತ ವರ್ಷಗಳು ಭಾವನ ಸ್ವಭಾವಕ್ಕೇ ಒಂದು ಅಚ್ಚು ಹಾಕಿಬಿಟ್ಟವು.

ಈ ವಿದ್ಯೆಯಿಂದ ನಮ್ಮ ಅಕ್ಕನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು! ಹೆಣ್ಣು ನೋಡಲು ಬಂದ ದಿನ ಅಪ್ಪ ಸುಮ್ಮನೆ ಮಾತಿಗೆಂದು ಕೇಳಿದರು, "ಸಂಜೆ ಹೊತ್ತು ಎಂತ ಮಾಡ್ತೀರಿ?"

"ಗುಂಡು ಹಾಕುದು," ಎಂದರು ಭಾವ ಪ್ರಾಮಾಣಿಕವಾಗಿ.

ಅಪ್ಪನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. "ದಿನಾಲೂನಾ?"

"ದಿನಾಲೂ ಉಂಟು. ಆದಿತ್ಯವಾರ ಸ್ವಲ್ಪ ಜಾಸ್ತಿ."

"ಜೊತೆಗೆ ಯಾರಾದ್ರೂ?"

"ಇಲ್ಲಪ್ಪ, ಒಬ್ಬನೇ. ಪಕ್ಕದಲ್ಲಿ ಯಾರಾದ್ರೂ ಮಾತಾಡಿದ್ರೆ ಅಳತೆ ತಪ್ತದೆ."

ಅಪ್ಪ ಎದ್ದು ಒಳಗೆ ಹೋಗಿ, "ಇಷ್ಟು ನಾಚಿಕೆಯಿಲ್ಲದ ಕುಡುಕನನ್ನು ನಾನು ನೋಡಿಯೇ ಇಲ್ಲ!" ಎಂದರು. ಮದುವೆ ದಲ್ಲಾಳಿ ಓಡಿಬಂದು ಬಿಡಿಸಿ ಹೇಳಿದ ಮೇಲೆ ಅಪ್ಪನಿಗೆ ಸಮಾಧಾನವಾಯಿತೋ, ಹೆದರಿಕೆ ಹೆಚ್ಚಾಯಿತೋ, ಇವತ್ತಿಗೂ ನಮಗೆ ತಿಳಿದಿಲ್ಲ. ಮದುವೆಯಂತೂ ಆಯಿತು.

ಧಣಿಗಳಿಗೆ ವಯಸ್ಸಾಗಿ ಅಂಗಡಿ ಮುಚ್ಚಿದಾಗ ಭಾವ ಇಲ್ಲಿಗೆ ಬಂದರು. ಈಗ ಟುಬ್ಲಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮೆಷಿನ್ ನಡೆಸುತ್ತಾರೆ. ಅಕ್ಕ ಸಲ್ಮಾನಿಯಾ ಕಡೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್. ಸನದ್‌ನಲ್ಲಿ ಅವರ ಮನೆ. ಎರಡು ಬೀದಿ ದಾಟಿದರೆ ನನ್ನ ಕೋಣೆ. ಈ ದೇಶದಲ್ಲಿ ತೋಟೆ, ಮದ್ದು ಎಂದು ಕನಸಿನಲ್ಲಿ ಕೂಡ ಕನವರಿಸುವಂತಿಲ್ಲ. ಹಾಗೆಂದು ಕೈ ಸುಮ್ಮನಿರುತ್ತದೆಯೇ? ಇಡೀ ವಿದ್ಯೆ ಅಡುಗೆಮನೆಗೆ ನುಗ್ಗಿತು!

ಶುಕ್ರವಾರ ರಜೆ, ನಾಲ್ಕು ಜನ ಬಂದಿದ್ದಾರೆ ಎಂದುಕೊಳ್ಳಿ. ಭಾವ ಲೋಟಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಕಾಫಿಪುಡಿ ತೂಗಿ ಹಾಕುತ್ತಾರೆ. ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಪ್ರತಿ ಲೋಟದೊಳಗೂ ಇಣುಕುತ್ತಾರೆ, ಯಾವುದರಲ್ಲಾದರೂ ಎರಡು ಸಲ ಬಿದ್ದಿದೆಯೇ ಎಂದು. ಹೊರಗೆ ಬಂದವರು ಕಾದು ಕಾದು ಆಕಳಿಸುತ್ತಿರುತ್ತಾರೆ.

"ಕಾಫಿ ಸಿಡಿಯುದಿಲ್ಲ, ಮಾರಾಯ್ರೇ!" ಎಂದು ಅಕ್ಕ ಕೂಗುತ್ತಾಳೆ.

"ಹೆಚ್ಚಾದ್ರೆ ನಿನ್ನ ತಮ್ಮನ ಹೊಟ್ಟೆಯಲ್ಲಿ ಸಿಡೀತದೆ. ಅವ ಮೊದಲೇ ಗ್ಯಾಸಿನ ಗಿರಾಕಿ."

ಹೊಟ್ಟೆ ನನ್ನದು, ಮಾನವೂ ನನ್ನದು, ಕೇಳುವವರು ಯಾರು!

ನಮ್ಮ ಕರಾವಳಿಯ ಮಾತಿನಲ್ಲಿ ಕೋವಿಗೂ ಮದ್ದು, ಕೆಮ್ಮಿಗೂ ಮದ್ದು. ಇದರಿಂದ ಆದ ಫಜೀತಿ ಕೇಳಿ. ಒಂದು ಸಲ ಊರಿನವರೆಲ್ಲ ಸೇರಿದ ಊಟದಲ್ಲಿ ಯಾರೋ ಭಾವನನ್ನು ತೋರಿಸಿ, "ಮದ್ದಿನ ವಿಷಯದಲ್ಲಿ ಇವರದ್ದು ಎತ್ತಿದ ಕೈ" ಎಂದುಬಿಟ್ಟರು. ಉಡುಪಿ ಕಡೆಯ ಒಬ್ಬ ಹಿರಿಯ ಹೆಂಗಸು ಊಟ ಬಿಟ್ಟು ಇವರ ಪಕ್ಕ ಬಂದು ಕೂತರು.

"ನನಗೆ ಮೊಣಗಂಟು ನೋವು. ನಿಮ್ಮ ಮದ್ದು ಆಗ್ತದಾ?"

"ಅಯ್ಯೋ ಅಮ್ಮಾ, ನಮ್ಮ ಮದ್ದು ಬೆಂಕಿ ತಾಗಿದ್ರೆ ಮಾತ್ರ ಕೆಲಸ ಮಾಡುದು."

"ಓ, ಬಿಸಿ ಮಾಡಿ ಹಚ್ಚಬೇಕಾ?"

"ಹಚ್ಚಿದ್ರೆ ಮೊಣಗಂಟೇ ಉಳಿಯುದಿಲ್ಲ!"

"ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ," ಎಂದು ಅವರು ಕೈಮುಗಿದರು. ಮುಂದಿನ ಎರಡು ವಾರ ಅವರ ಫೋನು ಬಂದಾಗಲೆಲ್ಲ ಭಾವ ಸ್ನಾನಕ್ಕೆ ಹೋಗಿರುತ್ತಿದ್ದರು.

ಹೀಗೆ ನಕ್ಕು ನಕ್ಕು ನಮ್ಮ ದಿನಗಳು ಸಾಗುತ್ತಿದ್ದವು. ಕಳೆದ ಡಿಸೆಂಬರಿನ ಒಂದು ಶುಕ್ರವಾರ ನಾನು ಊಟಕ್ಕೆಂದು ಹೋಗಿದ್ದೆ. ಬೆಳಗಿನ ಡ್ಯೂಟಿ ಮುಗಿಸಿ ಬಂದ ಅಕ್ಕ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಳು.

"ಇನ್ನು ನಾನು ಹೋಗುದಿಲ್ಲ. ಖಲಾಸ್."

 ಕೇಳಿದ ಮೇಲೆ ಬಿಟ್ಟು ಬಿಟ್ಟು ಹೇಳಿದಳು. ಜ್ವರ ಬಂದ ಒಂದು ಪುಟ್ಟ ಹುಡುಗಿಗೆ ಇಂಜೆಕ್ಷನ್ ಸಿದ್ಧ ಮಾಡುತ್ತಿದ್ದಾಗ ಯಾರೋ ಹಿಂದಿನಿಂದ ಕರೆದರಂತೆ. ತಿರುಗಿ ಉತ್ತರ ಕೊಟ್ಟು ನೋಡಿದರೆ, ತಾನು ಅಳೆದದ್ದು ಸರಿಯಿತ್ತೋ ಇಲ್ಲವೋ ಎಂಬ ಅನುಮಾನ. ಅದನ್ನು ಚೆಲ್ಲಿ, ಡಾಕ್ಟರಿಗೆ ಹೇಳಿ, ಹೊಸದಾಗಿ ತುಂಬಿ ಕೊಟ್ಟಳು. ಮಗುವಿಗೆ ಏನೂ ಆಗಲಿಲ್ಲ. ಆದರೆ ನೋಡುತ್ತಿದ್ದ ತಾಯಿ, "ಇವರಿಗೆ ಕೆಲಸವೇ ಬರುವುದಿಲ್ಲ" ಎಂದು ಗಲಾಟೆ ಎಬ್ಬಿಸಿದಳು. ಮ್ಯಾನೇಜರು ಎಲ್ಲರೆದುರು, "ಇಷ್ಟು ವರ್ಷದ ಸಿಸ್ಟರ್, ನಿಮಗೇ ಡೌಟಾ?" ಎಂದರು.

"ಆಗಿನಿಂದ ಕೈ ನಡುಗ್ತಾ ಉಂಟು," ಎಂದು ಅಕ್ಕ ಎರಡೂ ಕೈ ಮುಂದೆ ಹಿಡಿದಳು. "ಈ ಕೈಯಲ್ಲಿ ಇನ್ನು ಯಾರಿಗೆ ಸೂಜಿ ಹಾಕುದು?"

 ಭಾವ ಒಲೆ ಆರಿಸಿ ಬಂದು ಅವಳೆದುರು ನೆಲದ ಮೇಲೆ ಕೂತರು. ಅವಳ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. ನಾವು ಯಾವತ್ತೂ ಕೇಳಿರದ ಒಂದು ಸಂಗತಿ ಹೇಳತೊಡಗಿದರು.

"ಕ್ಲಬ್ಬಿನವರ ಪಂದ್ಯ ಮರುದಿನ. ನಾನು ಪಿಸ್ತೂಲಿನ ತೋಟೆ ತುಂಬ್ತಾ ಇದ್ದೆ. ಧಣಿಗಳ ಹೆಂಡತಿ ಬಾಗಿಲಲ್ಲಿ ಬಂದು ಮಜ್ಜಿಗೆ ಬೇಕಾ ಕೇಳಿದ್ರು. ಬೇಕು ಅಂದೆ. ಅಷ್ಟೇ. ಎಲ್ಲ ಮುಗಿದ ಮೇಲೆ ಅನುಮಾನ ಬಂತು, ಒಂದಕ್ಕೆ ಮದ್ದು ಎರಡು ಸಲ ಬಿತ್ತಾ ಅಂತ. ಯಾವುದಕ್ಕೆ? ಗೊತ್ತಿಲ್ಲ. ಮೇಲೆ ಗುಂಡು ಕೂತಾಗಿದೆ."

"ಮತ್ತೆ?" ಎಂದಳು ಅಕ್ಕ.

"ಎಲ್ಲವನ್ನೂ ಬಿಚ್ಚಿದೆ. ಧಣಿಗಳು, ನಿನಗೆ ಹುಚ್ಚು ಹಿಡಿದಿದೆ ಅಂತ ಬೈದ್ರು. ಕ್ಲಬ್ಬಿನವರು ನನಗೆ ಡೌಟು ಅಂತಲೇ ಹೆಸರಿಟ್ರು."

"ಯಾವುದರಲ್ಲಿ ಇತ್ತು ಎರಡು ಸಲ?"

"ಯಾವುದರಲ್ಲೂ ಇರ್ಲಿಲ್ಲ. ಎಲ್ಲ ಸರಿಯೇ ಇತ್ತು."

"ಮತ್ತೆ ಬಿಚ್ಚಿ ಎಂತ ಆಯ್ತು!"

"ಎಂತ ಆಗುದು? ಮರುದಿನ ಎಲ್ಲ ಗುರಿ ಹೊಡೆದ್ರು. ಮಧ್ಯಾಹ್ನ ಕೂತು, ಐದೂ ಬೆರಳು ನೆಟ್ಟಗಿದ್ದ ಅದೇ ಕೈಯಲ್ಲಿ ಊಟ ಮಾಡಿದ್ರು. ಅಷ್ಟೇ."

 ಭಾವ ಅವಳ ಕೈಗಳನ್ನು ತಮ್ಮ ಒರಟು ಕೈಗಳಲ್ಲಿ ಹಿಡಿದುಕೊಂಡರು.

"ಅನುಮಾನ ಬಂದಾಗ ನೀನು ನಿಂತೆಯಲ್ಲ, ಅದೇ ಕೆಲಸ ಮಾರಾಯ್ತಿ. ನಿಲ್ಲದವರ ಕೈ ನಡುಗುದಿಲ್ಲ, ಗೊತ್ತುಂಟಾ? ಅವರ ಹತ್ರ ನಾನಾದ್ರೆ ಸೂಜಿ ಹಾಕಿಸಿಕೊಳ್ಳುದಿಲ್ಲ."

ಅಕ್ಕ ಅತ್ತಳು. ಆಮೇಲೆ ಹಸಿವಾಗುತ್ತಿದೆ ಎಂದಳು. ಉಂಡು ಮಲಗಿದಳು.

ಮರುದಿನ ಬೆಳಗ್ಗೆ ನಾನೇ ಕಾರಿನಲ್ಲಿ ಅವಳನ್ನು ಬಿಡಲು ಹೋದೆ. ಭಾವನೂ ಹತ್ತಿದರು. ಟುಬ್ಲಿಗೆ ಇಳಿಸಲೇ ಎಂದರೆ, "ಆಮೇಲೆ ಹೋಗುವ" ಎಂದರು. ಅಕ್ಕ ಒಳಗೆ ಹೋದ ಮೇಲೆ ನಾವಿಬ್ಬರೂ ರೋಗಿಗಳ ಸಾಲಿನಲ್ಲಿ ಕೂತೆವು. ರಿಸೆಪ್ಷನ್ನಿನ ಹುಡುಗಿ ಬಂದು, "ಅಂಕಲ್, ಏನು ತೊಂದರೆ?" ಎಂದಳು.

"ಏನಿಲ್ಲಮ್ಮ."

"ಹಾಗಾದರೆ ಯಾವ ಡಾಕ್ಟರು?"

"ಯಾರಾದ್ರೂ ಆಗ್ತದೆ, ಅರ್ಜೆಂಟಿಲ್ಲ," ಎಂದರು ಭಾವ. ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡಿದೆ.

ಅಷ್ಟರಲ್ಲಿ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದು, ಎರಡನೆಯ ಇಂಜೆಕ್ಷನ್ ಇದೆ ಎಂದು ಹಿಂದಿಯಲ್ಲಿ ಹೇಳಿದಳು. ಹುಡುಗಿ ಕೂರಲು ಹೇಳಿದಳು. ಆ ತಾಯಿ ಕೂರಲಿಲ್ಲ. ದನಿ ತಗ್ಗಿಸಿ ಕೇಳಿದಳು: "ನಿನ್ನೆ ನಾನು ಗಲಾಟೆ ಮಾಡಿದೆನಲ್ಲ, ಅನುಮಾನ ಬಂತೆಂದು ಚೆಲ್ಲಿ ಮತ್ತೆ ತುಂಬಿದ ಆ ಸಿಸ್ಟರ್ ಬಂದಿದ್ದಾರಾ? ನನ್ನ ಮಗಳಿಗೆ ಅವರೇ ಕೊಡಲಿ."

ಹುಡುಗಿ ಒಳಗೆ ಹೋಗಿ ಕರೆದಳು. ಪರದೆ ಸರಿಯಿತು. ಅಕ್ಕ ಬಂದು ಮಗುವನ್ನು ಎತ್ತಿಕೊಂಡಳು. ನಾವು ಮೂಲೆಯಲ್ಲಿ ಕೂತದ್ದು ಅವಳಿಗೆ ಕಾಣಲಿಲ್ಲ.

ಭಾವ ತಟ್ಟನೆ ಎದ್ದರು. "ನಡಿ ಮಾರಾಯ, ವರ್ಕ್‌ಶಾಪಿಗೆ ತಡ ಆಯ್ತು."

ಟುಬ್ಲಿಯವರೆಗೂ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ವರ್ಕ್‌ಶಾಪ್ ಹತ್ತಿರ ಬಂದಾಗ ಮಾತ್ರ, "ಆ ಎಸಿ ಸ್ವಲ್ಪ ಕಮ್ಮಿ ಮಾಡು. ಗಾಳಿ ಹೊಡೆದು ಕಣ್ಣಲ್ಲಿ ನೀರು ಬರ್ತದೆ," ಎಂದರು.

ಒಳ್ಳೆಯ ತಂಪಿನ ಬೆಳಗು. ಎಸಿ ನಾನು ಹಾಕಿಯೇ ಇರಲಿಲ್ಲ. ಆದರೂ ಕೈ ಚಾಚಿ, ಯಾವುದೋ ಒಂದು ಗುಂಡಿ ತಿರುಗಿಸಿದೆ.