ನಡಿಗೆಯ ವೇಗಕ್ಕೊಂದು ಟೈರು

ನಮ್ಮ ಮಾಮ ಸಾಯುವುದಕ್ಕೆ ಎಂದೋ ತಯಾರಾಗಿದ್ದರು; ತಡವಾಗುತ್ತಿದ್ದದ್ದು ಟೈರಿನಿಂದ ಮಾತ್ರ! ಇದು ನನ್ನ ಮಾತಲ್ಲ. ಮನೆಗೆ ಬಂದವರಿಗೆಲ್ಲ ಚಹಾ ಕೊಟ್ಟು ಅವರೇ ಹೇಳುತ್ತಿದ್ದರು. "ಎಲ್ಲಾ ರೆಡಿ ಐತ್ರಿ. ಕುರುಗೋಡು ಹೊಲದಾಗ ಜಾಗ ನೋಡೀನಿ, ಅಯ್ಯನವರಿಗೆ ಹೇಳೀನಿ, ಭಜನಿ ಮಂದಿಗೂ ಹೇಳೀನಿ. ನಾಕು ಗಾಲಿ ಸಿಕ್ಕುಬಿಟ್ರ ಹೊಂಟುಬಿಡ್ತೀನಿ." ಇಂಥ ಮಾತು ಕೇಳಿಸಿಕೊಂಡ ಮೇಲೆ ಬಂದವರಿಗೆ ಆ ಚಹಾ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಮಾಮ ಎಂದರೆ ನಮ್ಮವ್ವನ ತಮ್ಮ. ಹುಟ್ಟೂರು ಕುರುಗೋಡು; ಬಳ್ಳಾರಿಯಲ್ಲಿ ಹತ್ತಿ ವ್ಯಾಪಾರ ಮಾಡಿ ಕೈಬಿಟ್ಟವರು. ಸತ್ಯನಾರಾಯಣಪೇಟೆಯ ಅವರ ಮನೆಯ ಮುಂದೆ ತಗಡಿನ ಚಪ್ಪರದ ಕೆಳಗೆ ಒಂದು ಕಾರು ಇದೆ. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಮೂತಿ ಮಾತ್ರ ಉದ್ದ. ಊರಿನ ಹಳೆಯ ಹತ್ತಿ ಗಿರಣಿಯ ಯಾರೋ ದೊರೆ ಇಂಗ್ಲೆಂಡಿನಿಂದ ತರಿಸಿದ್ದಂತೆ. ಆ ಗಿರಣಿ ಮುಚ್ಚಿದಾಗ ಉಳಿದ ವ್ಯಾಪಾರಿಗಳೆಲ್ಲ ಅಲ್ಲಿಯ ಯಂತ್ರ ಕೊಂಡರು, ನಮ್ಮ ಮಾಮ ಈ ಕಾರು ಕೊಂಡರು. ಎಂಜಿನ್ನು ಸೋಮವಾರಕ್ಕೊಮ್ಮೆ ತಪ್ಪದೆ ಗುಡುಗುತ್ತಿತ್ತು. ಆದರೆ ಟೈರುಗಳು ಬಳ್ಳಾರಿಯ ಬಿಸಿಲಿಗೆ ಸುಟ್ಟ ಹಪ್ಪಳದಂತೆ ಪುಡಿಯಾಗಿ ಹೋದವು. ತುಕ್ಕು ಹಿಡಿದ ಗಾಲಿಗಳೂ ಬೇಡವೆಂದು ಮಾಮ ಬಿಚ್ಚಿ ಎಸೆದರು. ಅಂದಿನಿಂದ ಕಾರು ನಾಲ್ಕು ಕಲ್ಲುಗಳ ಮೇಲೆ ನಿಂತಿದೆ. ಬಳ್ಳಾರಿಯಲ್ಲಿ ಕಲ್ಲಿಗೇನು ಬರವೇ!

ಆಯುಧಪೂಜೆಗೆ ಊರವರೆಲ್ಲ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸುತ್ತಾರೆ. ಮಾಮ ಕಲ್ಲಿನ ಮುಂದೆ ಇಟ್ಟು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದರು. ಆಮೇಲೆ ಅತ್ತೆ ಬಂದು ಆ ನಾಲ್ಕೂ ಹಣ್ಣು ಎತ್ತಿಕೊಂಡು ಹೋಗಿ ಪಾನಕ ಮಾಡುತ್ತಿದ್ದರು. ಬೇಸಿಗೆಯಲ್ಲಂತೂ ಆ ಉದ್ದ ಮೂತಿಯ ಮೇಲೆ ಅತ್ತೆಯ ಸಂಡಿಗೆ ಒಣಗುತ್ತಿದ್ದವು. "ಇಷ್ಟಾದ್ರೂ ಉಪಯೋಗಕ್ಕ ಬಂತಲ್ರೀ ನಿಮ್ಮ ವಿಮಾನ," ಎನ್ನುತ್ತಿದ್ದರು.

ವಿಮಾನ ಎಂದು ಅತ್ತೆ ಸುಮ್ಮನೆ ಅಂದದ್ದಲ್ಲ. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಮುಡಿಸಿ, ಕುಳ್ಳಿರಿಸಿ ಮೆರವಣಿಗೆ ಮಾಡುತ್ತಾರೆ. ಕುಳ್ಳಿರಿಸುವ ಆ ಮಂಟಪಕ್ಕೇ ವಿಮಾನ ಎನ್ನುವುದು. ಮೊದಲು ಹೆಗಲ ಮೇಲೆ ಹೊರುತ್ತಿದ್ದರು, ಈಗ ಟ್ರ್ಯಾಕ್ಟರ್ ಬಂದಿದೆ. ಮಾಮನ ಅಣ್ಣ ತೀರಿಕೊಂಡಾಗ ಹಾಗೆಯೇ ಟ್ರೇಲರಿನಲ್ಲಿ ಕುರ್ಚಿ ಕಟ್ಟಿ ಒಯ್ದರು. ಹೊಲದ ದಾರಿ ಎರೆಮಣ್ಣಿನದು, ಒಣಗಿ ಕಲ್ಲಾಗಿತ್ತು. ಟ್ರೇಲರು ಒಂದೊಂದು ಕುಣಿಗೆ ಇಳಿದಾಗಲೂ ಪಾಪ, ಅವರ ತಲೆ ಆ ಕಡೆ ಈ ಕಡೆ ಹೊರಳುತ್ತಿತ್ತು. ಒಲ್ಲೆ, ಒಲ್ಲೆ ಎಂದು ಹೇಳಿದ ಹಾಗೆ. ಹಿಂದೆ ಬರುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಮ ಅದನ್ನು ಮರೆಯಲಿಲ್ಲ.

"ನಾನು ನನ್ನ ಕಾರಿನ್ಯಾಗ ಕುಂತು ಹೋಗಾಂವ," ಎಂದು ಅಂದೇ ಸಾರಿಬಿಟ್ಟರು. "ಮೆತ್ತನ್ನ ಸೀಟು ಐತಿ, ಮ್ಯಾಲ ಮುಚ್ಚಿಗಿ ಇಲ್ಲ, ಹೂವಿನ ಹಾರ ಹಾಕಾಕ ಅನುಕೂಲ. ತಲಿ ಅಲ್ಲಾಡಬಾರದು ಅಷ್ಟ. ಅದಕ್ಕ ತಕ್ಕ ಟೈರು ಬೇಕು." ಎರಡನೆಯ ಸೀಟು ಡ್ರೈವರಿಗೆ. ಅವರಿಗೆ ಮಕ್ಕಳಿಲ್ಲವಾದ್ದರಿಂದ ಆ ಭಾಗ್ಯ ಯಾರ ಪಾಲಿಗೆ ಬಂತು ಎಂದು ಬೇರೆ ಹೇಳಬೇಕೆ?

ಹೀಗೆ ಟೈರಿನ ಬೇಟೆ ಶುರುವಾಯಿತು. ಮಾಮ ಜೀವಮಾನವೆಲ್ಲ ಹತ್ತಿ ನೋಡಿದವರು. ಅರಳೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದು, ಎಳೆ ಎಷ್ಟುದ್ದ, ಎಷ್ಟು ಗಟ್ಟಿ ಎಂದು ಹೇಳುವುದು ಅವರ ಕಸುಬು. ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಕೂದಲು ಇರುತ್ತವಲ್ಲ, ಮಾಮ ಅಂಗಡಿಗೆ ಹೋದವರೇ ಅದನ್ನು ಪಟಕ್ಕನೆ ಕಿತ್ತು, ಕಣ್ಣು ಮುಚ್ಚಿ, ಎಳೆದು ನೋಡುತ್ತಿದ್ದರು!

"ಎಳಿ ಗಿಡ್ಡ ಐತಿ. ಬ್ಯಾಡ."

ಅಂಗಡಿಯವರು ತಬ್ಬಿಬ್ಬು. ಬಳ್ಳಾರಿಯ ಟೈರ್ ಬಜಾರಿನಲ್ಲಿ ಒಬ್ಬ ಸಾಹೇಬರು ಬಹಳ ತಾಳ್ಮೆಯವರು. ಅವರು ಒಂದು ದಿನ ತಮ್ಮ ಅತ್ಯುತ್ತಮ ಮಾಲು ಉರುಳಿಸಿಕೊಂಡು ಬಂದರು. "ಲೇಲೋ ಸಾಹುಕಾರ್ರ, ಇದು ಇನ್ನೂರು ಸ್ಪೀಡಿಗೆ ಹೋದ್ರೂ ಅಲ್ಲಾಡಂಗಿಲ್ಲ."

"ನಂದು ನಡಿಗಿ ಸ್ಪೀಡು. ಅದಕ್ಕ ಗ್ಯಾರಂಟಿ ಕೊಡ್ತೀರೇನು?"

"ನಡಿಗಿ ಸ್ಪೀಡಾ? ಸ್ಪೋರ್ಟ್ಸ್ ಕಾರ್ ಅಂದ್ರಲ್ರೀ!"

"ಭಜನಿ ಮಂದಿ ಮುಂದ ಇರ್ತಾರ. ಅವರನ್ನ ದಾಟಿ ಹೋಗಾಕ ಬರ್ತದೇನ್ರಿ?"

ಸಾಹೇಬರಿಗೆ ವಿಷಯ ತಿಳಿಯಲು ಕೊಂಚ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಿವಿ ಮುಟ್ಟಿಕೊಂಡು, "ತೋಬಾ! ಒಂದು ಟ್ರಿಪ್ಪಿಗೆ ನಾಕು ಹೊಸಾ ಟೈರೇನ್ರಿ? ವಾಪಸ್ ಬರಾಕ?" ಎಂದರು. ಮಾಮ ನನ್ನತ್ತ ಕೈತೋರಿಸಿ, "ವಾಪಸ್ ಬರಾಂವ ಇವ. ಇವನಿಗೆ ಯಾವ ಟೈರಾದ್ರೂ ನಡೀತದ," ಎಂದರು. ಸಾಹೇಬರು ನನ್ನನ್ನು ನೋಡಿದ ನೋಟದಲ್ಲಿ ಎಷ್ಟು ಕನಿಕರವಿತ್ತೆಂದರೆ, ನನಗೇ ಏನೋ ಆಗಿಹೋಗಿದೆ ಅನ್ನಿಸಿತು. ಆದರೂ ಒಳ್ಳೆಯ ಮನುಷ್ಯ. ಬೇಕಾದ ಅಳತೆಯದು ಎಲ್ಲಿ ಸಿಕ್ಕರೂ ತರಿಸಿಕೊಡುತ್ತೇನೆ, ಗಾಲಿ ಸಹಿತ, ಎಂದು ಮಾತು ಕೊಟ್ಟರು.

ಹಳೆಯ ಟ್ಯಾಕ್ಸಿಗಳ ಟೈರು ಈ ಕಾರಿಗೆ ಕೂಡುತ್ತವೆ ಎಂದು ಮೆಕ್ಯಾನಿಕ್ಕು ಬಡಕೊಂಡ. ಮಾಮನಿಗೆ ಸಿಟ್ಟು ಬಂತು. "ಆಯುಷ್ಯ ಪೂರ್ತಿ ಬಾಡಿಗಿ ಗಾಡ್ಯಾಗ ತಿರುಗೀನಿ. ಕಡೀಕೂ ಟ್ಯಾಕ್ಸಿ ಟೈರಿನ ಮ್ಯಾಲೇ ಹೋಗ್ಲೇನು?"

ಅತ್ತೆಯ ತವರು ಸಿರುಗುಪ್ಪ. ಅಲ್ಲಿ ಸಿಕ್ಕೀತೆಂದು ಅತ್ತೆಯ ತಮ್ಮನನ್ನು ಕರೆದುಕೊಂಡು ಅಂಗಡಿ ಅಂಗಡಿ ಸುತ್ತಿದೆವು. ಭತ್ತದ ಸೀಮೆ, ಎಲ್ಲಿ ನೋಡಿದರೂ ಆಳೆತ್ತರದ ಟ್ರ್ಯಾಕ್ಟರ್ ಟೈರುಗಳೇ. ಒಬ್ಬ ಅಂಗಡಿಕಾರ ಅಳತೆ ಕೇಳಿ, "ಇದಿ ಆಟೋದಾ ಸಾರೂ?" ಎಂದು ತೆಲುಗಿನಲ್ಲಿ ಕೇಳಿಬಿಟ್ಟ! ಮಾಮ ಆ ದಿನ ಬೀಗರ ಮನೆಯಲ್ಲಿ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಟೈರಿನದು ಸಾಲದೆಂದು ಗಾಲಿಯ ತಕರಾರು. ಸೈಕಲ್ಲಿಗಿರುವಂಥ ತಂತಿಯ ಗಾಲಿಯೋ, ತಟ್ಟೆಯ ಗಾಲಿಯೋ? ಮಾಮನದು ತಂತಿಯ ಪಕ್ಷ. "ಮಣ್ಣಿಗೆ ಹೊಂಟ ಮಂದಿ ತಲಿ ತಗ್ಗಿಸಿ ನಡೀತಾರ. ಅವರ ಕಣ್ಣಿಗೆ ಬೀಳೋದು ನನ್ನ ಮಾರಿ ಅಲ್ಲ, ಗಾಲಿ. ಅದು ಫಳಫಳ ಅನ್ನಬೇಕು."

"ಮಂಡಕ್ಕಿ ತೂರ್ತಾರಲ್ರೀ, ಎಲ್ಲಾ ತಂತ್ಯಾಗ ಸಿಗಬೀಳ್ತಾವ," ಎಂದರು ಅತ್ತೆ, ಸಂಜೆಯ ಒಗ್ಗರಣೆ ತಿಂಡಿಗೆ ಅದೇ ಮಂಡಕ್ಕಿ ತೋಯಿಸುತ್ತ. ಮಾಮ ಗಂಭೀರವಾಗಿ ಯೋಚಿಸಿದರು. ಒಂದು ವಾರ ಯೋಚಿಸಿ ಮುಂದೆ ತಂತಿ, ಹಿಂದೆ ತಟ್ಟೆ ಎಂದರು. ಇನ್ನೊಂದು ವಾರಕ್ಕೆ ಅದನ್ನೂ ಬಿಟ್ಟು ನಾಲ್ಕಕ್ಕೂ ತಂತಿಯೇ ಎಂದರು.

"ಅಲ್ರೀ, ನಾನೇ ಮೊದಲು ಹೋದ್ರ?" ಎಂದು ಅತ್ತೆ ಒಮ್ಮೆ ಮಿರ್ಚಿ ಕರಿಯುತ್ತ ಕೇಳಿದರು.

"ನಿನಗೂ ಇದೇ ಗಾಡಿ. ಎರಡು ಸೀಟು ಅದಾವಲ್ಲ. ಬಾಜು ನಾನೇ ಕುಂದರ್ತೀನಿ, ನಾನೇ ಹೊಡೀತೀನಿ."

"ನಿಮ್ಮ ಟೈರು ಬರೋತನಕ ನಾನು ಕಾಯಬೇಕಂದ್ರ ವಾಸನಿ ಬರ್ತೀನಿ. ನನಗ ನಮ್ಮ ತಮ್ಮನ ಟ್ರ್ಯಾಕ್ಟರೇ ಸಾಕು." ನಾವು ಮೂವರೂ ನಕ್ಕೆವು.

ನನ್ನ ತಾಲೀಮಿನ ಕಥೆ ಕೇಳಿ. ಟೈರು ಬರುವುದರೊಳಗೆ ಡ್ರೈವರಾದರೂ ತಯಾರಾಗಲಿ ಎಂದು ಮಾಮ ನನ್ನ ಸಣ್ಣ ಕಾರಿನಲ್ಲೇ ನನ್ನನ್ನು ಕುರುಗೋಡಿಗೆ ಎಳೆದುಕೊಂಡು ಹೋದರು. ಹೊಲದ ದಾರಿ ಬಂದೊಡನೆ ಹಣೆಗೆ ವಿಭೂತಿ ಹಚ್ಚಿಕೊಂಡು, ಕೈ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ನೆಟ್ಟಗೆ ಕುಳಿತರು. "ನಾ ಈಗ ಸತ್ತೀನಿ. ನಡಿ. ಕುಣಿ ಬಂದ್ರ ಒಂದ ಗಾಲಿ ಇಳಸು, ಅದು ಹತ್ತಿದ ಮ್ಯಾಲ ಇನ್ನೊಂದು. ಎರಡೂ ಒಮ್ಮಿಗೇ ಇಳಿಸಬ್ಯಾಡ." ಅರ್ಧ ಕ್ಲಚ್ಚಿನ ಮೇಲೆ ಕಾರು ತೆವಳುತ್ತಿತ್ತು, ನನ್ನ ಮೀನಖಂಡ ನಡುಗುತ್ತಿತ್ತು. ಕುಲುಕಿದಾಗಲೆಲ್ಲ ಸತ್ತವರು ಕಣ್ಣು ತೆರೆಯದೆ ಬೈಯುತ್ತಿದ್ದರು. "ಲೇ ಕತ್ತೆ, ತಲಿ ಅಲ್ಲಾಡ್ತು!"

ಅಷ್ಟರಲ್ಲಿ ಎದುರಿಗೆ ಊರಿನ ಪರಿಚಯದವರೊಬ್ಬರು ಬೈಕಿನಲ್ಲಿ ಬಂದರು. ಮಾಮನ ವೇಷ ನೋಡಿದರು, ಬೈಕಿಳಿದು ಚಪ್ಪಲಿ ಬಿಟ್ಟರು, ಕೈಮುಗಿದರು. ನಾನು ಕಿಟಕಿಯಿಂದ ಕೈ ಹೊರಹಾಕಿ ಬೀಸಿ, ಇಲ್ಲ ಇಲ್ಲ ಎಂದೆ. ಅವರು ಅದನ್ನು ಶೋಕವೆಂದು ತಿಳಿದು, ಅಲ್ಲಿಂದಲೇ ಬಳ್ಳಾರಿಗೆ ಅತ್ತೆಗೆ ಫೋನು ಹಚ್ಚಿ ಗೋಳೋ ಎಂದು ಅತ್ತರು. ಅತ್ತೆ ಎಲ್ಲವನ್ನೂ ಸಮಾಧಾನದಿಂದ ಕೇಳಿ ಹೇಳಿದರಂತೆ: "ಅವರಿಗಿನ್ನೂ ಟೈರು ಸಿಕ್ಕಿಲ್ರಿ ಅಣ್ಣಾರ, ಹೋಗಿರಂಗಿಲ್ಲ. ಬರೂವಾಗ ಒಂದು ಕಟ್ಟು ಕೊತ್ತಂಬರಿ ತರಾಕ ಹೇಳ್ರಿ."

ಅತ್ತೆಗೆ ಸೊಂಟನೋವು ಮೊದಲಿನಿಂದಲೂ ಇತ್ತು. ಅದಿರಿನ ಲಾರಿಗಳು ತುಳಿದ ನಮ್ಮ ರಸ್ತೆಗಳಲ್ಲಿ ಆಟೋ ಹತ್ತಿದರೆ ಎರಡು ದಿನ ಮಲಗುತ್ತಿದ್ದರು. ವಯಸ್ಸಿನದು ಎಂದು ಎಲ್ಲರೂ ಎಣ್ಣೆ ತಿಕ್ಕಲು ಹೇಳಿದೆವು. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದಾಗ ಅದು ಬರೀ ಸೊಂಟನೋವಲ್ಲ, ರೋಗ ಎಲುಬಿಗೆ ಹತ್ತಿದೆ, ತಡವಾಗಿದೆ ಎಂದರು. ಅಂದಿನಿಂದ ಮಾಮ ಸಾವಿನ ಮಾತು ನಿಲ್ಲಿಸಿಬಿಟ್ಟರು. ಬಂದವರಿಗೆ ಚಹಾ ಮಾತ್ರ ಕೊಡುತ್ತಿದ್ದರು. ಸೋಮವಾರ ಎಂಜಿನ್ನು ಗುಡುಗಲಿಲ್ಲ. ಸಾವನ್ನು ಅಷ್ಟು ಸಲೀಸಾಗಿ ಆಡಿಸಿಕೊಂಡಿದ್ದ ಮನುಷ್ಯ, ಅದು ನಿಜವಾಗಿ ಅಂಗಳಕ್ಕೆ ಬಂದಾಗ ಅದರ ಮುಖ ನೋಡಲಾರದೆ ಹೋದರು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಟೈರಿನ ಸಾಹೇಬರ ಫೋನು ಬಂತು. ಅವರ ದನಿ ದೊಡ್ಡದು, ಮಂಚದಲ್ಲಿದ್ದ ಅತ್ತೆಗೂ ಕೇಳುವಂತಿತ್ತು. "ಸಾಹುಕಾರ್ರ, ಮುಬಾರಕ್! ನಿಮ್ಮ ಅಳತೀವು ನಾಕೂ ಬಂದಾವ, ತಂತೀ ಗಾಲಿ ಸಮೇತ. ಎಳದ್ರೂ ಹರಿಯಂಗಿಲ್ಲ, ಬರ್ರಿ!"

"ರಾಂಗ್ ನಂಬರ್," ಎಂದು ಮಾಮ ಫೋನಿಟ್ಟರು.

"ಟೈರಿನವರೇನ್ರಿ?" ಅತ್ತೆ ಕೇಳಿದರು. "ತರಸ್ರಿ. ನನಗೇನೂ ಅನ್ಸಂಗಿಲ್ಲ."

"ಬ್ಯಾಡ. ಎಳಿ ಗಿಡ್ಡ ಅದಾವ."

ಕಣ್ಣಿಂದ ನೋಡದೆ, ಕೈಯಿಂದ ಮುಟ್ಟದೆ ಮಾಮ ಒಂದು ಮಾಲನ್ನು ಬೇಡವೆಂದದ್ದು ಅದೇ ಮೊದಲು. ನನ್ನನ್ನು ಕಳಿಸಿಕೊಡಲು ಹೊರಗೆ ಬಂದಾಗ ಕಾರಿನ ಬಳಿ ನಿಂತರು. "ಈಗ ಆ ಗಾಲಿ ಮನಿಗೆ ಬಂದು ಕುಂತ್ರ, ಆಕಿ ಮಾರಿ ಹೆಂಗ ನೋಡ್ಲಿ ನಾನು? ನಿನ್ನ ಗಾಡಿ ತಯಾರಾತು ಅಂದಂಗ ಆಗ್ತದಲೇ," ಎಂದರು. ಆ ಬೇಸಿಗೆ ಮೂತಿಯ ಮೇಲೆ ಸಂಡಿಗೆ ಇರಲಿಲ್ಲ. ಬರೀ ಧೂಳು ಕೂತಿತ್ತು.

ಆ ಬೇಸಿಗೆ ಮುಗಿಯುವ ಮೊದಲೇ ಅತ್ತೆ ಹೋದರು. ಕುರುಗೋಡಿನ ಹಿರಿಯರ ಮನೆಯ ಮುಂದೆ ಸಿರುಗುಪ್ಪದ ಟ್ರ್ಯಾಕ್ಟರು ಬಂದು ನಿಂತಿತು. ಟ್ರೇಲರಿನಲ್ಲಿ ಕುರ್ಚಿ ಕಟ್ಟಿ, ಬಾಳೆಕಂಬ ನಿಲ್ಲಿಸಿ, ಹಸಿರು ಸೀರೆ ಉಡಿಸಿದ ಅತ್ತೆಯನ್ನು ಕುಳ್ಳಿರಿಸಿದರು. ಭಜನೆಯವರು ತಾಳ ಕೈಗೆತ್ತಿಕೊಂಡರು. ಆಗ ಮಾಮ ಗುಂಪಿನಿಂದ ಬಿಡಿಸಿಕೊಂಡು ಬಂದು ಟ್ರೇಲರಿನ ಸುತ್ತ ಒಂದು ಸುತ್ತು ಹಾಕಿದರು. ಪ್ರತಿ ಟೈರನ್ನೂ ಹೆಬ್ಬೆರಳಿನಿಂದ ಒತ್ತಿದರು.

"ಗಾಳಿ ಭಾಳ ಐತಿ. ಇಳಸ್ರಿ."

ಅತ್ತೆಯ ತಮ್ಮ ಅಳುತ್ತ, "ಮಾಮಾರ, ಈಗ ಅದೆಲ್ಲಾ ಯಾಕ್ರಿ..." ಎಂದ.

"ಆಕಿಗೆ ಸೊಂಟ ನೋವೈತಿ," ಎಂದರು ಮಾಮ. "ಕುಲುಕಿದ್ರ ತಡಕೊಳ್ಳಂಗಿಲ್ಲ."

ಈ ಸಲ ಯಾರೂ ನಗಲಿಲ್ಲ. ಮಾಮ ತಾವೇ ಮಣ್ಣಿನಲ್ಲಿ ಮೊಣಕಾಲೂರಿ, ಒಂದು ಕಡ್ಡಿಯಿಂದ ಟೈರಿನ ಮೂತಿ ಒತ್ತಿ ಹಿಡಿದರು. ಗಾಳಿ ಉಸ್ಸೆಂದು ಹೊರಬೀಳುವ ಸಪ್ಪಳವೊಂದೇ ಅಂಗಳದಲ್ಲಿ ಕೇಳುತ್ತಿತ್ತು. ಎಲ್ಲ ಗಾಲಿಗಳನ್ನೂ ಮುಗಿಸಿ, ಇನ್ನೊಮ್ಮೆ ಒತ್ತಿ ನೋಡಿ, ಎದ್ದು ನನ್ನನ್ನು ಹುಡುಕಿದರು. "ಲೇ, ನೀನೇ ಹತ್ತು. ಕಲಿಸೀನಲ್ಲ."

ಶಾಲೆಯ ಸೂಟಿಯಲ್ಲಿ ಹೊಲಕ್ಕೆ ಬಂದಾಗ ಟ್ರ್ಯಾಕ್ಟರ್ ಓಡಿಸಿ ಗೊತ್ತಿದ್ದ ನನಗೆ ಆ ದಿನ ಸ್ಟೇರಿಂಗು ಹಿಡಿಯಲು ಕೈ ಬರಲಿಲ್ಲ. ಆದರೂ ಹತ್ತಿದೆ. ಭಜನೆಯವರ ಹಿಂದೆ, ಅವರ ನಡಿಗೆಗೆ, ಒಂದು ಗಾಲಿ ಇಳಿಸಿ, ಅದು ಹತ್ತಿದ ಮೇಲೆ ಇನ್ನೊಂದು ಇಳಿಸಿ ಹೋದೆ. ಕಣ್ಣು ಮಂಜಾಗಿ ದಾರಿ ಕಾಣದಾದಾಗ ತೋಳಿನಿಂದ ಒರೆಸಿಕೊಂಡೆ. ಮಾಮ ಟ್ರೇಲರಿನ ಪಕ್ಕಕ್ಕೆ ಕೈ ಹಚ್ಚಿ ನಡೆಯುತ್ತಿದ್ದರು. ಮಣ್ಣಿಗೆ ಹೊರಟವರೆಲ್ಲ ತಲೆ ತಗ್ಗಿಸಿದ್ದರೆ ಅವರೊಬ್ಬರೇ ತಲೆಯೆತ್ತಿ ಅತ್ತೆಯ ಮುಖವನ್ನೇ ನೋಡುತ್ತಿದ್ದರು.

ಹೊಲ ಬಂತು. ಎಂಜಿನ್ನು ಆರಿಸಿದೆ. ಮಾಮ ನನ್ನ ಬಳಿ ಬಂದು ಮೊಣಕಾಲ ಮೇಲೆ ಕೈಯಿಟ್ಟರು. ಆ ಕೈ ಟೈರಿನ ಮಸಿಯಿಂದ ಕಪ್ಪಾಗಿತ್ತು.

"ನೋಡಿದೇನಲೇ?" ಎಂದರು. "ಒಂದ ಸರ್ತೀನೂ ತಲಿ ಅಲ್ಲಾಡ್ಲಿಲ್ಲ."