ಕೆರೆ ದಂಡೆಯ ನನ್ನ ಹೊಲ

ಹಾವು ಕಂಡು ಗಾಬರಿಯಾಗುವವರನ್ನು ನಾನು ನೋಡಿದ್ದೇನೆ. ಅವರ ಗಾಬರಿ ಹಾವು ಹೋದ ಮೇಲೆ ಇಳಿಯುತ್ತದೆ. ತಾನೇ ಆಡಿದ ಮಾತು ನಾಲ್ಕು ವರ್ಷ ಬಿಟ್ಟು ಎದುರಿಗೆ ಬಂದು ನಿಂತಾಗ ಎದೆ ಹಿಡಿದುಕೊಂಡು ಕೂಡುವವನ ಗಾಬರಿ ಹಾಗಲ್ಲ, ಅದಕ್ಕೆ ಇಳಿತವೇ ಇಲ್ಲ. ನಾನು ಈ ಎರಡನೆಯ ಬಗೆಯವನು. ನಾನು ಹೇಳುವ ಸುಳ್ಳುಗಳೆಲ್ಲ ಸಣ್ಣವು, ಯಾರಿಗೂ ಕೇಡು ಬಗೆಯದವು. ಆದರೆ ಅವುಗಳಿಗೆ ಆಯುಷ್ಯ ಹೆಚ್ಚು.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಾಪುರದ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಹುಟ್ಟೂರು ತಿಕೋಟಾ. ಅಪ್ಪ ಸಾಲಿ ಮಾಸ್ತರರು, ಆದ್ದರಿಂದ ನಮಗೆ ಮಗ್ಗಿ, ಶ್ಲೋಕ, ಅಂದವಾದ ಅಕ್ಷರ ಎಲ್ಲ ಇದ್ದವು, ಹೊಲ ಮಾತ್ರ ಇರಲಿಲ್ಲ. ಕುಂಡದಲ್ಲಿ ಹಾಕಿದ ಮೆಂತ್ಯ ಬಿಟ್ಟರೆ ನಮ್ಮ ವಂಶದಲ್ಲಿ ಯಾರೂ ಏನನ್ನೂ ಬೆಳೆದವರಲ್ಲ. ರವಿವಾರ ಬಂತೆಂದರೆ ನಾನು ಸೈಕಲ್ ಹತ್ತಿ ಭೂತನಾಳ ಕೆರೆಗೆ ಹೋಗುತ್ತಿದ್ದೆ. ವಿಜಾಪುರದ ನಳದಲ್ಲಿ ನೀರು ಬಂದರೆ ಬಂತು, ಬರದಿದ್ದರೆ ಇಲ್ಲ. ಅಂಥ ಊರಿನವರಿಗೆ ಅಷ್ಟು ನೀರನ್ನು ಒಂದೇ ಕಡೆ ನೋಡುವುದೇ ದೊಡ್ಡ ಮನರಂಜನೆ. ಹುಡುಗರು ಏರಿಯ ಮೇಲಿಂದ ಧುಮುಕುತ್ತಿದ್ದರು, ಹೆಂಗಸರು ಕೌದಿ ಒಗೆಯುತ್ತಿದ್ದರು, ಎಮ್ಮೆಗಳು ಕಣ್ಣು ಮುಚ್ಚಿ ನೀರಿನಲ್ಲಿ ಕೂತಿರುತ್ತಿದ್ದವು. ನಾನು ಚುರುಮುರಿ ಪೊಟ್ಟಣ ಬಿಚ್ಚಿಕೊಂಡು ಕೆರೆಯ ಕೆಳಗಿನ ಒಂದು ಕರಿಮಣ್ಣಿನ ಹೊಲವನ್ನು ನೋಡುತ್ತ ಕೂಡುತ್ತಿದ್ದೆ. ನೋಡಿ ನೋಡಿ ಅದು ನನ್ನದೇ ಅನ್ನಿಸಿಬಿಟ್ಟಿತ್ತು.

ನಿಡೋಣಿಗೆ ಹೆಣ್ಣು ನೋಡಲು ಹೋದಾಗ ಎಡವಟ್ಟಾದದ್ದು ಇದರಿಂದಲೇ. ಹುಡುಗಿಯ ತಂದೆ ಒಕ್ಕಲುತನದ ಮನುಷ್ಯ. ನನ್ನ ನೌಕರಿಯ ವಿಷಯ ಕೇಳಿ ಅರೆಮನಸ್ಸಿನಿಂದ ತಲೆಯಾಡಿಸಿ, "ಅದು ಇರ್ಲಿ, ಹೊಲಾ ಎಲ್ಲೈತ್ರಿ?" ಎಂದರು. ಹೊಲ ಇದೆಯೇ ಎಂದು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆನೇನೋ. ಎಲ್ಲಿದೆ ಎಂದು ಕೇಳಿದರು. ಬಾಗಿಲ ಸಂದಿಯಲ್ಲಿ ಹುಡುಗಿಯ, ಅಂದರೆ ಶಾಂತಾಳ, ಕಣ್ಣುಗಳು ಕಾಣಿಸುತ್ತಿದ್ದವು. "ಭೂತನಾಳ ಕೆರಿ ದಂಡಿಗೆ, ನಾಲ್ಕು ಎಕರೆ" ಎಂದುಬಿಟ್ಟೆ. ಮದುವೆಯಾಯಿತು. ಶಾಂತಾ ನಾಲ್ಕು ವರ್ಷ ಎಳ್ಳಮವಾಸ್ಯೆ ಬಂದಾಗಲೆಲ್ಲ, "ನಮ್ಮ ಹೊಲಕ್ಕ ಚರಗಾ ಚೆಲ್ಲಾಕ ಹೋಗೂದಿಲ್ಲೇನ್ರಿ?" ಎಂದು ಕೇಳಿದಳು. ಒಂದು ವರ್ಷ ನನಗೆ ಜ್ವರ, ಒಂದು ವರ್ಷ ಸಾಹೇಬರ ತಪಾಸಣೆ, ಉಳಿದೆರಡು ವರ್ಷ ಏನು ಹೇಳಿದೆನೋ ನೆನಪಿಲ್ಲ.

ಐದನೆಯ ವರ್ಷ ಅಮವಾಸ್ಯೆಯ ಹಿಂದಿನ ದಿನ ಮಾವನವರೇ ಬಸ್ಸಿನಿಂದ ಇಳಿದರು. ಕೈಯಲ್ಲಿ ಶೇಂಗಾ ಹೋಳಿಗೆಯ ಬುಟ್ಟಿ. "ಅಳ್ಯಾರ, ಈ ಸಲ ನಿಮ್ಮ ಹೊಲದಾಗ ಉಣ್ಣೂಣಂತ ಬಂದೇನಿ" ಎಂದರು. ನನ್ನ ಕೈಯಲ್ಲಿದ್ದ ಚಹದ ಬಟ್ಟಲು ತಾನಾಗಿಯೇ ನೆಲಕ್ಕೆ ಹೋಯಿತು. ನಾನು ಬಿಟ್ಟದ್ದು ಎಂದು ಹೇಳಲಾರೆ.

ಈ ಭಾಗದವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಎಳ್ಳಮವಾಸ್ಯೆಯ ದಿನ ಮನೆಮಂದಿಯೆಲ್ಲ ಅಡಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜಿಸಿ, ಮಾಡಿದ್ದನ್ನೆಲ್ಲ ಕಲಸಿ ಬೆಳೆಯ ಮೇಲೆ ಚೆಲ್ಲುತ್ತಾರೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ. ಅದೇ ಚರಗ. ಅದನ್ನು ಹೊಲದ ಯಜಮಾನ ಚೆಲ್ಲಬೇಕು. ಬೇರೆಯವರ ಹೊಲಕ್ಕೆ ಚರಗ ಚೆಲ್ಲುವುದೆಂದರೆ ಬೇರೆಯವರ ಮನೆಯಲ್ಲಿ ಹೊಕ್ಕು ಸೀಮಂತ ಮಾಡಿದ ಹಾಗೆ. ಆದರೂ ಲೆಕ್ಕ ಹಾಕಿದೆ. ಹೊಲದವರು ಬರುವುದು ಮಧ್ಯಾಹ್ನಕ್ಕೆ. ನಾವು ಬೆಳಿಗ್ಗೆಯೇ ಹೋಗಿ, ಪಟಪಟನೆ ಚೆಲ್ಲಿ, ಏರಿಯ ಮೇಲೆ ಊಟ ಮಾಡಿ ಬಂದುಬಿಟ್ಟರೆ ಮಾನ ಉಳಿಯುತ್ತದೆ.

ನಾನು ರವಿವಾರ ನೋಡುತ್ತ ಕೂಡುತ್ತಿದ್ದ ಆ ಕರಿಮಣ್ಣಿನ ಹೊಲಕ್ಕೇ ಟಾಂಗಾ ಮಾಡಿಕೊಂಡು ಹೋದೆವು. ಮಾವನವರು ಪಟಪಟನೆ ಏನನ್ನೂ ಮಾಡುವವರಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ಮಣ್ಣು ಹಿಸುಕಿ ನೋಡಿದರು, ಜೋಳದ ದಂಟು ಮುಟ್ಟಿ ನೋಡಿದರು, ಕುಸುಬಿಯ ಸಾಲಿನಲ್ಲಿ ಕೂತೇಬಿಟ್ಟರು. ಶಾಂತಾ ಸೆರಗು ಸಿಕ್ಕಿಸಿಕೊಂಡು ಕಲ್ಲಿಗೆ ಸುಣ್ಣ ಬಳಿಯುತ್ತಿದ್ದಳು. ಅವಳ ಮುಖದಲ್ಲಿ ಆ ದಿನ ಇದ್ದ ಕಳೆಯನ್ನು ನಾಲ್ಕು ವರ್ಷದಲ್ಲಿ ನಾನು ನೋಡಿರಲಿಲ್ಲ. ನಾನು ಚರಗದ ಬುಟ್ಟಿ ಹಿಡಿದು ಮೂರು ಮೂಲೆ ಮುಗಿಸಿ ನಾಲ್ಕನೆಯ ಮೂಲೆಗೆ ಬಂದಿದ್ದೆ. ಎದುರಿಗೆ ಗೆಜ್ಜೆಯ ಸದ್ದು ಮಾಡುತ್ತ ಒಂದು ಎತ್ತಿನ ಚಕ್ಕಡಿ ಬಂದು ನಿಂತಿತು. ಅದರ ತುಂಬ ಮಂದಿ, ಎಲ್ಲರ ಕಣ್ಣೂ ನನ್ನ ಬುಟ್ಟಿಯ ಮೇಲೆ.

ಇಟ್ಟಂಗಿಹಾಳದ ರಾಮಪ್ಪ, ಹೊಲದ ನಿಜವಾದ ಒಡೆಯ, ಕೆಳಗಿಳಿದ. ಸಿಟ್ಟಾಗಲು ಕೂಡ ಅವನಿಗೆ ತೋಚಲಿಲ್ಲ. "ಏನ್ ಮಾಡಾಕತ್ತೀರಿ?" ಎಂದು ಸಣ್ಣ ದನಿಯಲ್ಲಿ ಕೇಳಿದ. ನಾನು ಅವನ ಎರಡೂ ಕೈ ಹಿಡಿದುಕೊಂಡು, ಉಸಿರು ಬಿಡದೆ, ಹೆಣ್ಣು ನೋಡಿದ ದಿನದಿಂದ ಇಂದಿನವರೆಗೆ ಎಲ್ಲ ಹೇಳಿದೆ. "ಯಣ್ಣಾ, ಅಲ್ಲಿ ಕೂತಾರಲ್ಲ, ಅವ್ರು ನನ್ನ ಮಾವ. ನನ್ನ ಮರ್ಯಾದಿ ನಿನ್ನ ಕೈಯಾಗೈತಿ." ರಾಮಪ್ಪ ತನ್ನ ಹೆಂಡತಿ ನೀಲವ್ವನ ಮುಖ ನೋಡಿದ. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು. ರಾಮಪ್ಪ ಸೀದಾ ಹೋಗಿ ಮಾವನವರಿಗೆ ಕೈಮುಗಿದು, "ಬರ್ರಿ ಯಜಮಾನ್ರ, ನಾವು ನಿಮ್ಮ ಅಳ್ಯಾರ ಹೊಲಾ ಪಾಲಿಗೆ ಮಾಡವ್ರು" ಎಂದ.

ಎರಡೂ ಮನೆಯವರು ಕೂಡಿಯೇ ಉಂಡೆವು. ಸಜ್ಜೆ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ. ಎಲ್ಲ ಸುಸೂತ್ರವಾಯಿತು ಎಂದುಕೊಳ್ಳುವಷ್ಟರಲ್ಲಿ ಮಾವನವರು ನನ್ನನ್ನು ಬದುವಿನ ಹತ್ತಿರ ಕರೆದೊಯ್ದರು. ಉಳುವವನೇ ಹೊಲದೊಡೆಯ ಎಂಬ ಕಾನೂನು ಆಗಷ್ಟೇ ಬಂದು, ಊರೂರಿನ ಕಟ್ಟೆಯ ಮೇಲೆ ಅದೇ ಮಾತಾಗಿತ್ತು. "ಅಳ್ಯಾರ, ಪಾಲಿಗೆ ಕೊಟ್ಟು ಕುರ್ಚಿ ಮ್ಯಾಲ ಕೂತ್ರ ಹೊಲಾ ಕೈಬಿಟ್ಟು ಹೊಕ್ಕೈತಿ. ಸುಗ್ಗಿ ಮುಗಿಯೂತನಕ ರವಿವಾರಕ್ಕೊಮ್ಮೆ ಬಂದು ನೀವ ದುಡೀರಿ. ನಾ ಯಾವಾಗರೆ ಬಂದು ನೋಡ್ತೀನಿ." ನಾನು ಬಗ್ಗಿ ಬದುವಿನ ಹುಲ್ಲು ಕೀಳತೊಡಗಿದೆ. ಅದನ್ನು ಅವರು ಒಪ್ಪಿಗೆ ಎಂದು ತಿಳಿದುಕೊಂಡರು.

ಹೀಗೆ ಇನ್ನೊಬ್ಬರ ಹೊಲದಲ್ಲಿ ನನ್ನ ಬಿಟ್ಟಿ ದುಡಿಮೆ ಶುರುವಾಯಿತು. ಮೊದಲ ವಾರ ರಾಮಪ್ಪ "ಧಣ್ಯಾರ, ನೆರಳಿಗೆ ಕೂಡ್ರಿ" ಎಂದ. ಮೂರನೆಯ ವಾರ "ಸಾಹೇಬ್ರ, ಆ ಗುಬ್ಬಿ ಓಡಸ್ರಿ" ಎಂದು ಕವಣೆ ಕೊಟ್ಟ. ನಾನು ಬೀಸಿದ ಮೊದಲ ಕಲ್ಲು ಅವನ ಎತ್ತಿಗೆ ಬಡಿಯಿತು. ಆಮೇಲೆ "ತಮ್ಮಾ" ಆದೆ. ಸುಗ್ಗಿಯ ಹೊತ್ತಿಗೆ "ಲೇ, ಈ ಸಾಲು ಹಿಡಿ" ಎನ್ನುವಲ್ಲಿಗೆ ಬಂದಿತ್ತು. ನಮ್ಮ ಕಡೆ ಬಿಳಿಜೋಳ ಕೊಯ್ಯುವುದಿಲ್ಲ, ಬೇರು ಸಹಿತ ಕೀಳುತ್ತಾರೆ. ಒಂದು ಸಾಲು ಕೀಳುವಷ್ಟರಲ್ಲಿ ಅಂಗೈಯಲ್ಲಿ ಬೊಕ್ಕೆ ಎದ್ದವು. ಸೋಮವಾರ ಕಚೇರಿಯಲ್ಲಿ ಪೆನ್ನು ಹಿಡಿಯಲಾರದೆ ಒದ್ದಾಡಿದೆ. ಮನೆಯಲ್ಲಿ ಶಾಂತಾ ನನ್ನ ಕೈಗೆ ಬೆಣ್ಣೆ ಸವರುತ್ತ, "ನಮ್ಮ ಹೊಲದ ಜ್ವಾಳ ಹ್ಯಾಂಗ ಬಂದಾವ್ರಿ?" ಎಂದು ಕೇಳುತ್ತಿದ್ದಳು.

ಕೊನೆಯ ರವಿವಾರ ಮಜ್ಜಿಗೆ ಬಗ್ಗಿಸುತ್ತಿದ್ದ ನೀಲವ್ವ ನನ್ನ ಅಂಗೈ ನೋಡಿ ಮರುಗಿದಳು. "ಸಾಕ ಮಾಡ್ರಿ ಇನ್ನ. ನಿಮ್ಮ ಮಾವಾರು ಅಷ್ಟ ಹೇಳ್ಯಾರಂತ ಇಷ್ಟ ದುಡಸೂದೇನು?" ನಾನು ಗಟಗಟನೆ ಕುಡಿಯುತ್ತಿದ್ದವನು ನಿಲ್ಲಿಸಿ, ಏನು ಹೇಳಿದ್ದರು ಎಂದು ಕೇಳಿದೆ. "ಅವತ್ತ ಟಾಂಗಾ ಹತ್ತೂ ಮುಂದ ನಮ್ಮವ್ರ ಹಂತ್ಯಾಕ ಬಂದ್ರು. ಹೊಲಾ ನಿಮ್ಮದ, ಅಳಿಯಾಂದಲ್ಲಂತ ನನಗ ಗೊತ್ತೈತಿ, ಲಗ್ನ ಆದ ವರ್ಷನ ಗೊತ್ತಾಗೇತಿ ಅಂದ್ರು. ನನ್ನ ಮಗಳು ನಾಲ್ಕ ವರ್ಷ ಹಾದಿ ನೋಡ್ಯಾಳ, ಈ ಅಳಿಯಾನ ಮೈ ಸ್ವಲ್ಪ ಮಣ್ಣಾಗಲಿ ಅಂದ್ರು." ಮಜ್ಜಿಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಶಾಂತಾಳಿಗೂ ಗೊತ್ತೇ ಎಂದು ಕೇಳುವ ಧೈರ್ಯ ಬರಲಿಲ್ಲ.

ನೋಡಿದರೆ ಏರಿಯ ಮೇಲಿಂದ ಮಾವನವರೇ ಇಳಿದು ಬರುತ್ತಿದ್ದರು, ಹಿಂದೆ ಶಾಂತಾ. ತಪ್ಪೊಪ್ಪಿಕೊಂಡು ಹಗುರಾಗಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ. ಎಲ್ಲರೂ ಇದ್ದರು, ಬಹುಶಃ ಎಲ್ಲರಿಗೂ ಗೊತ್ತಿತ್ತು, ನಾನು ಬಾಯಿ ತೆರೆದರೆ ಸಾಕಿತ್ತು. ಮಾವನವರು ಜೋಳದ ಸೂಡುಗಳನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, "ಹೂಂ ಅಳ್ಯಾರ, ಮುಂದಿನ ವರ್ಷ ಏನ್ ಬಿತ್ತಾವ್ರು?" ಎಂದು ಕೇಳಿದರು.

ನಾನು ಬಾಯಿ ತೆರೆದೆ. "ಕೆಳಗಿನ ಎರಡು ಎಕರೆ ಕಡ್ಲಿ ಹಾಕೂಣಂತ ಮಾಡೇನ್ರಿ ಮಾವಾರ" ಎಂದೆ.

ರಾಮಪ್ಪ ಚಲೋ ಆಕ್ಕೈತಿ ಎಂಬಂತೆ ತಲೆಯಾಡಿಸಿದ. ಶಾಂತಾ ರೊಟ್ಟಿಯ ಗಂಟು ಬಿಚ್ಚತೊಡಗಿದಳು. ನನ್ನ ಮಾತಿಗೆ ಅಲ್ಲಿ ಬೆಚ್ಚಿಬಿದ್ದವನು ನಾನೊಬ್ಬನೇ.